ಮುಂಬಯಿಯ ಮಳೆ, ಗ್ಯಾಲರಿಯ ಮಲ್ಲಿಗೆ ಮತ್ತು ಅಂಗಳದ ಮರ

ಮಳೆಗಾಲ ಬಂತೆಂದರೆ ಗಿಡಗಳ ಚಿಂತೆ ಮುಗಿಯಿತು, ಇನ್ನು ನಾಲ್ಕು ತಿಂಗಳು ಆಕಾಶವೇ ನೀರುಣಿಸುತ್ತದೆ ಎಂದು ನಾವು ನೆಮ್ಮದಿಯಿಂದ ಇರುತ್ತೇವೆ. ಮುಂಬಯಿ ಮತ್ತು ಅದರ ಉಪನಗರಗಳಲ್ಲಿ ಎರಡು ಮೂರು ತಲೆಮಾರುಗಳಿಂದ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಒಂದು ತುಳಸಿ, ಒಂದು ಕರಿಬೇವು, ಒಂದು ದೊಡ್ಡಪತ್ರೆ, ಸಾಧ್ಯವಾದರೆ ಒಂದು ಮಲ್ಲಿಗೆ ಇಲ್ಲದ ಗ್ಯಾಲರಿ ಅಪರೂಪ. ಆದರೆ ನಮ್ಮ ಅನುಭವದಲ್ಲಿ ಈ ಗಿಡಗಳು ಹೆಚ್ಚಾಗಿ ಸಾಯುವುದು ಉರಿಬಿಸಿಲಿನ ಮೇ ತಿಂಗಳಲ್ಲಲ್ಲ; ಜುಲೈ, ಆಗಸ್ಟ್ ತಿಂಗಳುಗಳ ಮಳೆಯಲ್ಲಿ. ಅದೇಕೆ ಹೀಗೆ, ಅದನ್ನು ತಪ್ಪಿಸುವ ಬಗೆ ಯಾವುದು ಎಂಬುದನ್ನು ಓದುಗ ಬಾಂಧವರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ. ನಾವು ತೋಟಗಾರಿಕೆಯನ್ನು ಶಾಸ್ತ್ರೀಯವಾಗಿ ಕಲಿತವರಲ್ಲ. ಬ್ಯಾಂಕಿನ ಕೆಲಸದ ನಡುವೆ ಬೆಳಿಗ್ಗೆ ಅರ್ಧ ಗಂಟೆ ಕುಂಡಗಳ ಮುಂದೆ ಕುಳಿತು, ಗಿಡಗಳನ್ನು ಕಳೆದುಕೊಂಡು ಕಲಿತವರು.

ಬೇರಿಗೂ ಉಸಿರು ಬೇಕು

1998ರಲ್ಲಿ ನಮ್ಮ ತಾಯಿಯವರು ಊರಿಗೆ ಹೋಗಿ ಬರುವಾಗ ಉಡುಪಿ ಮಲ್ಲಿಗೆಯ ಒಂದು ಸಸಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ರಾತ್ರಿಯಿಡೀ ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ತಂದರು. ಗಿಡ ಚಿಗುರಿತು, ಮೊದಲ ಬೇಸಿಗೆಯಲ್ಲಿ ಹೂವನ್ನೂ ಬಿಟ್ಟಿತು. ಜುಲೈನಲ್ಲಿ ಅದರ ಎಲೆ ಹಳದಿಯಾಗಿ ಜೋತುಬಿದ್ದಿತು. ಬಾಡಿದ ಗಿಡವನ್ನು ಕಂಡ ತಾಯಿಯವರು ಮಳೆಯ ಎರಚಲು ಸಾಲದೆಂದು ಇನ್ನೊಂದು ತಂಬಿಗೆ ನೀರು ಹೊಯ್ದರು. ಹದಿನೈದು ದಿನಗಳಲ್ಲಿ ಗಿಡ ಹೋಯಿತು. ಮುಂದಿನ ವರ್ಷ ತಂದ ಸಸಿಗೂ ಅದೇ ಗತಿಯಾಯಿತು. "ಈ ಊರಿನ ನೀರು ನಮ್ಮ ಗಿಡಕ್ಕೆ ಒಗ್ಗುವುದಿಲ್ಲ ಮಗಾ" ಎಂದು ಅವರು ಸುಮ್ಮನಾದರು.

ಕೊನೆಗೆ ಕಟ್ಟಡದ ಹೂದೋಟ ನೋಡಿಕೊಳ್ಳುತ್ತಿದ್ದ ಮಾಳಿ ಸತ್ತ ಗಿಡದ ಕುಂಡವನ್ನು ನಮ್ಮೆದುರೇ ಬೋರಲು ಹಾಕಿದರು. ಮಣ್ಣು ಕೆಸರಿನ ಮುದ್ದೆಯಾಗಿತ್ತು. ಬೇರುಗಳು ಕಪ್ಪಾಗಿ ಕೊಳೆತ ವಾಸನೆ ಬರುತ್ತಿತ್ತು. ಕುಂಡದ ತಳದಲ್ಲಿ ತೂತೇನೋ ಇತ್ತು. ಆದರೆ ನೆಲ ಕೊಳೆಯಾಗಬಾರದೆಂದು ಕೆಳಗೆ ನಾವೇ ಇಟ್ಟಿದ್ದ ತಟ್ಟೆಯಲ್ಲಿ ಸದಾ ನೀರು ತುಂಬಿರುತ್ತಿದ್ದುದರಿಂದ ಆ ತೂತು ಇದ್ದೂ ಇಲ್ಲದಂತಾಗಿತ್ತು.

ಇದರ ಕಾರಣ ಸರಳವಾದದ್ದು. ಒಳ್ಳೆಯ ಮಣ್ಣಿನ ಕಣಗಳ ನಡುವೆ ಸಣ್ಣ ಸಣ್ಣ ಎಡೆಗಳಿರುತ್ತವೆ. ಅವುಗಳಲ್ಲಿ ಒಂದಷ್ಟು ನೀರು, ಒಂದಷ್ಟು ಗಾಳಿ ಇರಬೇಕು. ಬೇರುಗಳು ಆ ಗಾಳಿಯಲ್ಲಿನ ಆಮ್ಲಜನಕದಿಂದಲೇ ಉಸಿರಾಡುತ್ತವೆ. ಎಡೆಗಳೆಲ್ಲ ನೀರಿನಿಂದ ತುಂಬಿ ಹಾಗೆಯೇ ನಿಂತರೆ ಬೇರು ಉಸಿರುಗಟ್ಟಿ ಕೊಳೆಯತೊಡಗುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು. ಆದುದರಿಂದ ಒದ್ದೆ ಮಣ್ಣಿನಲ್ಲಿ ನಿಂತ ಗಿಡವೂ ನೀರಿಲ್ಲದ ಗಿಡದಂತೆಯೇ ಬಾಡುತ್ತದೆ. ನಾವು ಅದನ್ನು ಬಾಯಾರಿಕೆಯೆಂದು ತಿಳಿದು ಮತ್ತೆ ನೀರು ಹೊಯ್ಯುತ್ತೇವೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಖಾತೆಯಲ್ಲಿ ಜಮೆ ಮಾತ್ರ ನಡೆದು ಖರ್ಚಿನ ದಾರಿ ಮುಚ್ಚಿಹೋಗಿರುತ್ತದೆ.

ಹಾಗಾದರೆ ಉಡುಪಿಯಲ್ಲಿ ಮಲ್ಲಿಗೆ ಬದುಕುವುದು ಹೇಗೆ? ಅಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಮುಂಬಯಿಗಿಂತ ಬಹಳ ಹೆಚ್ಚು. ಆದರೆ ಅಲ್ಲಿನ ಮುರಕಲ್ಲಿನ ನೆಲದಲ್ಲಿ, ಇಳಿಜಾರಿನಲ್ಲಿ ಬಿದ್ದ ನೀರು ನಿಲ್ಲದೆ ಇಳಿದು ಹೋಗುತ್ತದೆ. ನಮ್ಮ ಗ್ಯಾಲರಿಯ ಕುಂಡದಲ್ಲಿ ಅದಕ್ಕೆ ಹೋಗಲು ದಾರಿಯಿರಲಿಲ್ಲ. ಒಗ್ಗದಿದ್ದುದು ಈ ಊರಿನ ನೀರಲ್ಲ, ನಮ್ಮ ತಟ್ಟೆ.

ಪಂಚಾಂಗದ ಮಳೆನಕ್ಷತ್ರಗಳು

ನಮ್ಮ ಹಿರಿಯರು ಕೃಷಿಯ ಕಾಲವನ್ನು ಲೆಕ್ಕ ಹಾಕುತ್ತಿದ್ದುದು ಮಳೆನಕ್ಷತ್ರಗಳಿಂದ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ; ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಜೂನ್ 7 ಅಥವಾ 8ರ ವೇಳೆಗೆ ಮೃಗಶಿರ, 21ರ ಸುಮಾರಿಗೆ ಆರಿದ್ರಾ, ಜುಲೈನಲ್ಲಿ ಪುನರ್ವಸು ಮತ್ತು ಪುಷ್ಯ, ಆಗಸ್ಟ್‌ನಲ್ಲಿ ಆಶ್ಲೇಷಾ ಮತ್ತು ಮಘಾ, ಹೀಗೆ ಸಾಗಿ ಅಕ್ಟೋಬರ್ ಕೊನೆಯ ಸ್ವಾತಿಯವರೆಗೆ ಲೆಕ್ಕ ನಡೆಯುತ್ತದೆ. ಮಹಾರಾಷ್ಟ್ರದ ರೈತರೂ ಬಿತ್ತನೆಗೆ ಮೃಗ ನಕ್ಷತ್ರವನ್ನೇ ಎದುರು ನೋಡುತ್ತಾರೆ. ಗೋಡೆಯ ಮೇಲಿನ ಪಂಚಾಂಗ ಹಬ್ಬಹರಿದಿನಗಳಿಗೆ ಮಾತ್ರವಲ್ಲ, ಎಂಟು ಕುಂಡಗಳ ತೋಟಕ್ಕೂ ಉಪಯುಕ್ತ.

ಆದರೆ ಪಂಚಾಂಗವೊಂದನ್ನೇ ನಂಬುವ ಕಾಲವೂ ಇದಲ್ಲ. ಹವಾಮಾನ ಇಲಾಖೆಯು 2020ರಲ್ಲಿ ಪರಿಷ್ಕರಿಸಿದ ಲೆಕ್ಕದಂತೆ ಮುಂಬಯಿಗೆ ಮುಂಗಾರು ಬರುವ ಸಾಮಾನ್ಯ ದಿನ ಜೂನ್ 11. ಹಿಂದೆ ಸರಿಯುವ ದಿನ ಅಕ್ಟೋಬರ್ 8. ಮೊದಲು ಸೆಪ್ಟೆಂಬರ್ ಕೊನೆಗೇ ಮಳೆ ಹೋಗುವ ಲೆಕ್ಕವಿತ್ತು. 2025ರಲ್ಲಿ ಮಳೆ ಮೇ 26ಕ್ಕೇ ಬಂದಿಳಿಯಿತು. ಆದುದರಿಂದ ಸಿದ್ಧತೆಯನ್ನು ಮೇ ಎರಡನೆಯ ವಾರದೊಳಗೇ ಮುಗಿಸುವುದು ಲೇಸು.

ಮಳೆ ಬರುವ ಮುನ್ನ

ಮೊದಲು ಕುಂಡದ ತಳದ ತೂತುಗಳನ್ನು ಕಡ್ಡಿಯಿಂದ ಬಿಡಿಸಬೇಕು. ಕೆಳಗಿನ ತಟ್ಟೆಗಳನ್ನು ತೆಗೆದುಬಿಡಬೇಕು. ಕುಂಡವನ್ನು ನೆಲಕ್ಕೆ ತಾಗದಂತೆ ಎರಡು ಇಟ್ಟಿಗೆಯ ತುಂಡುಗಳ ಮೇಲೆ ಇಡಬೇಕು. ಹೊಸದಾಗಿ ಮಣ್ಣು ತುಂಬುವುದಾದರೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ದಪ್ಪ ಮರಳು ಬೆರೆಸಬಹುದು. ತೆಂಗಿನ ನಾರಿನ ಪುಡಿ ನೀರನ್ನು ಬಹಳ ಹೊತ್ತು ಹಿಡಿದಿಡುವುದರಿಂದ ಅದು ಬೇಸಿಗೆಗೆ ಒಳ್ಳೆಯದು. ಮಳೆಗಾಲಕ್ಕೆ ಕಡಿಮೆ ಇರಲಿ.

ಇನ್ನೊಂದು ಮುಖ್ಯ ವಿಷಯ ಭಾರದ್ದು. ಹನ್ನೆರಡು ಅಂಗುಲದ ಕುಂಡ ಮಣ್ಣು ತುಂಬಿ ನೆನೆದಾಗ ಇಪ್ಪತ್ತು ಇಪ್ಪತ್ತೈದು ಕಿಲೋ ತೂಗುತ್ತದೆ. ಕಿಟಕಿಯ ಹೊರಗಿನ ಕಬ್ಬಿಣದ ಜಾಲರಿಯ ಮೇಲೆ ಅಂತಹ ನಾಲ್ಕು ಕುಂಡಗಳಿದ್ದರೆ, ತುಕ್ಕು ಹಿಡಿದ ಸರಳುಗಳ ಮೇಲೆ ಒಂದು ಕ್ವಿಂಟಲ್ ಭಾರ. ಕೆಳಗೆ ಜನ ನಡೆದಾಡುತ್ತಾರೆ. ಕುಂಡಗಳು ಕಟ್ಟೆಯ ಒಳಗೆ, ನೆಲದ ಮೇಲೆಯೇ ಇರಬೇಕು.

ಅರಿಸಿನದ ಕೊಂಬು, ಶುಂಠಿ, ಕೆಸುವಿನ ಗೆಡ್ಡೆಗಳನ್ನು ಮೇ ಕೊನೆಯಲ್ಲಿ ಮಣ್ಣಿಗಿಟ್ಟರೆ ಮೃಗಶಿರದ ಮಳೆಗೆ ಮೊಳೆಯುತ್ತವೆ. ನಾಗರಪಂಚಮಿಯ ಕಡುಬಿಗೆ ಅರಿಸಿನದ ಎಲೆಯನ್ನೂ, ಪತ್ರೊಡೆಗೆ ಕೆಸುವಿನ ಎಲೆಯನ್ನೂ ಮನೆಯಲ್ಲೇ ಕೊಯ್ಯಬಹುದು. ಬಸಳೆ, ಬೆಂಡೆ, ಹೀರೆಗೂ ಇದು ಸರಿಯಾದ ಕಾಲ.

ಮಳೆಯ ನಡುವೆ

ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ ಎಂಬ ಗಾದೆ ಮುಂಬಯಿಯಲ್ಲಿ ಜುಲೈ ತಿಂಗಳಿಗೂ ಒಪ್ಪುತ್ತದೆ. ಆ ಒಂದು ತಿಂಗಳಲ್ಲಿ ಇಲ್ಲಿ ಸರಾಸರಿ 800 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಈ ಕಾಲದಲ್ಲಿ ನೀರು ಹಾಕುವ ಮುನ್ನ ಬೆರಳನ್ನು ಎರಡು ಅಂಗುಲ ಮಣ್ಣಿಗೆ ಇಳಿಸಿ ನೋಡಬೇಕು. ತೇವ ತಗುಲಿದರೆ ಎಲೆ ಬಾಡಿದ್ದರೂ ನೀರು ಹಾಕಕೂಡದು. ಕುಂಡವನ್ನು ಸೂರಿನ ಕೆಳಗೆ ಸರಿಸಿ, ಮೇಲ್ಮಣ್ಣನ್ನು ಮೃದುವಾಗಿ ಕೆದಕಿ ಗಾಳಿಯಾಡಲು ಬಿಡಬೇಕು. ಸುರಿಮಳೆಯಲ್ಲಿ ಗೊಬ್ಬರ ಹಾಕುವುದೂ ವ್ಯರ್ಥ. ಅದರ ಸಾರ ನೀರಿನೊಡನೆ ತೊಳೆದುಹೋಗುತ್ತದೆ. ತುಳಸಿಗೆ ಎರಚಲು ಸೇರದು. ಅದನ್ನು ಗೋಡೆಯ ಬದಿಗೆ ತಂದು, ಕದಿರುಗಳನ್ನು ಆಗಾಗ ಚಿವುಟಿದರೆ ಗಿಡ ಬಹುಕಾಲ ಬಾಳುತ್ತದೆ.

ಕುಂಡಗಳನ್ನು ಒಂದಕ್ಕೊಂದು ಅಂಟಿಸಿ ಇಟ್ಟರೆ ಎಲೆಗಳು ಒಣಗದೆ ಬೂಷ್ಟು ಹಿಡಿಯುತ್ತದೆ. ಮಳೆ ಬಿಡುವು ಕೊಟ್ಟ ಸಂಜೆ, ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ ಮತ್ತು ನಾಲ್ಕು ಹನಿ ಸಾಬೂನು ನೀರು ಕಲಸಿ ಸಿಂಪಡಿಸಿದರೆ ಹಿಟ್ಟುತಿಗಣೆಯ ಕಾಟ ಕಡಿಮೆಯಾಗುತ್ತದೆ.

ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಚರಂಡಿಯಲ್ಲಲ್ಲ, ಮನೆಯ ತಿಳಿನೀರಿನಲ್ಲಿ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಕುಂಡದ ತಟ್ಟೆ, ಮನಿಪ್ಲಾಂಟಿನ ಬಾಟಲಿ, ಮೂಲೆಯಲ್ಲಿ ಬಿದ್ದಿರುವ ಖಾಲಿ ಕುಂಡ ಇವುಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ, ಉಜ್ಜಿ ತೊಳೆದು ಒಣಗಿಸಬೇಕು. ಸುಮ್ಮನೆ ನೀರು ಚೆಲ್ಲಿದರೆ ಸಾಲದು. ಅಂಚಿಗೆ ಅಂಟಿದ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತವೆ.

ಚಳಿಗಾಲ ಮತ್ತು ಬೇಸಿಗೆ

ಮಳೆ ಹಿಂದೆ ಸರಿದೊಡನೆ ಅಕ್ಟೋಬರಿನ ಸೆಕೆ ಬರುತ್ತದೆ. ಆಗ ಮಣ್ಣನ್ನು ಸಡಿಲಿಸಿ ಹೊಸ ಗೊಬ್ಬರ ಕೊಡಬೇಕು. ಕೊತ್ತಂಬರಿ, ಪಾಲಕ್ ಸೊಪ್ಪುಗಳನ್ನು ಅವಸರದಿಂದ ಬಿತ್ತುವುದಕ್ಕಿಂತ ದೀಪಾವಳಿಯ ಹೊತ್ತಿಗೆ ಬಿತ್ತುವುದು ಉತ್ತಮ. ಸೆಕೆಯಲ್ಲಿ ಕೊತ್ತಂಬರಿ ಬೇಗನೆ ಹೂ ಬಿಟ್ಟು ಬಲಿಯುತ್ತದೆ. ಮೆಂತ್ಯ, ಮೂಲಂಗಿ, ಟೊಮೆಟೊ, ಚೆಂಡುಹೂ ಇವುಗಳಿಗೆ ಮುಂಬಯಿಯ ಅಲ್ಪ ಚಳಿಯೇ ಸಾಕು. ಬೆಂಗಳೂರಿನ ನೆಂಟರ ಮನೆಯ ಗುಲಾಬಿಯನ್ನು ಕಂಡು ಆಸೆಪಡುವವರು ಒಂದು ಮಾತು ನೆನಪಿಡಬೇಕು. ಆ ಊರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ಅಲ್ಲಿನ ತಂಪು ರಾತ್ರಿಗಳನ್ನು ನಾವು ಕುಂಡದಲ್ಲಿ ತರಲಾರೆವು. ಇಲ್ಲಿಗೆ ಒಗ್ಗುವುದು ದಾಸವಾಳ, ನಂದಿಬಟ್ಟಲು, ಮಲ್ಲಿಗೆ.

ಮಲ್ಲಿಗೆಗೆ ನವೆಂಬರ್ ಕೊನೆಯಲ್ಲಿ ಕೆಲವು ದಿನ ನೀರು ಕಡಿಮೆ ಮಾಡಿ, ಗೆಲ್ಲುಗಳನ್ನು ಸವರಿ, ಬಳಿಕ ಗೊಬ್ಬರ ಕೊಟ್ಟರೆ ಮಾರ್ಚಿನಿಂದ ಮೊಗ್ಗು ಕಟ್ಟುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ ಬುಡ ತುಂಬ ನೀರು ಕೊಟ್ಟು, ಮಣ್ಣಿನ ಮೇಲೆ ಒಣ ಎಲೆಗಳ ಹೊದಿಕೆ ಹಾಕಬೇಕು. ಹರಿವೆ, ಬಸಳೆ ಈ ಸೆಕೆಯನ್ನು ತಡೆದುಕೊಳ್ಳುತ್ತವೆ.

ಅಂಗಳದ ಮರಗಳು

ಕುಂಡದಲ್ಲಿ ಕಲಿತ ಪಾಠವನ್ನು ನಾವು ಅಂಗಳದಲ್ಲಿ ಮರೆತೆವು ಎಂಬುದನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. ನಮ್ಮ ಕಟ್ಟಡದ ಮುಂದೆ ಒಂದು ಗುಲ್‌ಮೊಹರ್ ಮರವಿತ್ತು. 2014ರಲ್ಲಿ ಕೆಸರಾಗುತ್ತದೆಂದು ಅಂಗಳಕ್ಕೆಲ್ಲ ಪೇವರ್ ಬ್ಲಾಕ್ ಹಾಸುವ ಪ್ರಸ್ತಾಪ ಸೊಸೈಟಿಯ ವಾರ್ಷಿಕ ಸಭೆಗೆ ಬಂದಾಗ ನಾವೂ ಕೈಯೆತ್ತಿದೆವು. ನೆಲ ಸಮತಟ್ಟು ಮಾಡುವಾಗ ಒಂದು ಬದಿಯ ಬೇರುಗಳನ್ನು ಕಡಿದರು; ಕಾಂಡದ ಸುತ್ತ ಸಿಮೆಂಟು ಬಿಗಿದರು. ಅಂಗಳ ಚೊಕ್ಕವಾಯಿತೆಂದು ಎಲ್ಲರೂ ಮೆಚ್ಚಿದೆವು.

2019ರ ಜುಲೈನ ಒಂದು ರಾತ್ರಿ ಮೂರು ಗಂಟೆಯ ಸುಮಾರಿಗೆ ಆ ಮರ ಬುಡಸಮೇತ ಉರುಳಿತು. ನಾಲ್ಕು ಸ್ಕೂಟರ್‌ಗಳು ಜಜ್ಜಿಹೋದವು. ಬೆಳಿಗ್ಗೆ ಏಳಕ್ಕೆ ಅದೇ ಮರದ ಕೆಳಗೆ ನಮ್ಮ ಕಟ್ಟಡದ ಹನ್ನೆರಡು ಮಕ್ಕಳು ಶಾಲೆಯ ಬಸ್ಸಿಗೆ ಕಾಯುತ್ತಿದ್ದರು. ಬಿದ್ದ ಮರದ ಬುಡ ನೋಡಿದಾಗ, ಕಡಿದ ಬದಿಯಲ್ಲಿ ಹಿಡಿತಕ್ಕೆ ಒಂದು ಗಟ್ಟಿ ಬೇರೂ ಉಳಿದಿರಲಿಲ್ಲ; ಇದ್ದವು ಕಪ್ಪಾಗಿ ಕೊಳೆತಿದ್ದವು. ಅದೇ ವಾಸನೆ. ತಾಯಿಯವರ ಮಲ್ಲಿಗೆಯ ಕುಂಡ ಬೋರಲು ಹಾಕಿದ ದಿನದ ನೆನಪಾಯಿತು.

ಮರದ ಬೇರುಗಳಲ್ಲಿ ಬಹುಪಾಲು ನೆಲದ ಮೇಲಿನ ಎರಡು ಮೂರು ಅಡಿಗಳಲ್ಲೇ ಅಗಲವಾಗಿ ಹರಡಿರುತ್ತವೆ. ಗುಲ್‌ಮೊಹರ್‌ನ ಬೇರು ಮೊದಲೇ ಮೇಲುಮೇಲಿನದು. ಅವುಗಳನ್ನು ಕಡಿದು, ಉಳಿದವುಗಳಿಗೆ ಗಾಳಿ ಸಿಗದಂತೆ ಮುಚ್ಚಿದರೆ, ಮಣ್ಣು ಸಡಿಲಾದ ಮಳೆಗಾಲದಲ್ಲಿ ತುಂಬಿದ ಹಂದರಕ್ಕೆ ಗಾಳಿ ಬಡಿದಾಗ ಮರ ನಿಲ್ಲುವುದಾದರೂ ಹೇಗೆ?

ಘಟನೆಯ ನಂತರದ ಸಭೆಯಲ್ಲಿ ಉಳಿದ ಐದು ಮರಗಳನ್ನೂ ಕಡಿಸಿಬಿಡೋಣ ಎಂಬ ಮಾತು ಬಂತು. ಮಕ್ಕಳ ತಾಯಂದಿರ ಭಯ ಸಹಜವಾದುದೇ. ಆದರೆ 1975ರ ಮಹಾರಾಷ್ಟ್ರದ ನಗರ ಪ್ರದೇಶದ ಮರಗಳ ಸಂರಕ್ಷಣಾ ಕಾಯ್ದೆಯಂತೆ ವೃಕ್ಷ ಪ್ರಾಧಿಕಾರದ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ. ಅದಕ್ಕಿಂತ ಮಿಗಿಲಾಗಿ, ತಪ್ಪು ಮರದ್ದಾಗಿರಲಿಲ್ಲ. ಕೊನೆಗೆ ನಗರಪಾಲಿಕೆಗೆ ಅರ್ಜಿ ಕೊಟ್ಟು, ಪರಿಶೀಲನೆ ಮಾಡಿಸಿ, ಮೇ ತಿಂಗಳಲ್ಲಿ ಒಣ ಕೊಂಬೆಗಳನ್ನು ಮಾತ್ರ ಸವರಿಸಿದೆವು. ಪ್ರತಿ ಮರದ ಸುತ್ತ ಒಂದು ಮೀಟರ್ ಅಗಲಕ್ಕೆ ಬ್ಲಾಕುಗಳನ್ನು ಕಿತ್ತು ಮಣ್ಣು ಬಿಡಿಸಿದೆವು. ಸ್ವಲ್ಪ ಕೆಸರಾಗುತ್ತದೆ. ಐದು ಮರಗಳೂ ಇಂದು ನಿಂತಿವೆ.

ನಮ್ಮ ತಾಯಿಯವರು ಈಗಿಲ್ಲ. ಮೂರನೆಯ ಬಾರಿ ತಂದ ಮಲ್ಲಿಗೆ ಮಾತ್ರ ಎರಡು ಇಟ್ಟಿಗೆ ತುಂಡುಗಳ ಮೇಲಿನ ಕುಂಡದಲ್ಲಿ ಪ್ರತಿ ಬೇಸಿಗೆಯಲ್ಲೂ ದೇವರ ಮುಡಿಗೆ ಒಂದು ಬೊಗಸೆ ಹೂ ಕೊಡುತ್ತಿದೆ. ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ: ಮುಂದಿನ ಮೃಗಶಿರಕ್ಕೆ ಮುನ್ನ ಒಂದು ಭಾನುವಾರ ಮನೆಯ ಕುಂಡಗಳ ತಳವನ್ನು ನೋಡಿರಿ, ಕೆಳಗಿಳಿದು ಅಂಗಳದ ಮರಗಳ ಬುಡವನ್ನೂ ನೋಡಿರಿ. ಬಿಗಿದ ಸಿಮೆಂಟು ಕಂಡರೆ ಮುಂದಿನ ಸಭೆಯಲ್ಲಿ ಎದ್ದು ನಿಂತು ಆ ಮಾತನ್ನು ಎತ್ತಿರಿ.