ಗೋರಖ್‌ಪುರದ ಮೇಷ್ಟ್ರು, ನೈರೋಬಿಯ ಬ್ಯಾಂಕು

ನೈರೋಬಿಯ ಅಪ್ಪರ್ ಹಿಲ್ ಅಂದರೆ ಬ್ಯಾಂಕುಗಳ ಗುಡ್ಡ. ಕೆನ್ಯಾಟ್ಟಾ ಆಸ್ಪತ್ರೆಯ ಕಡೆಯಿಂದ ಏರಿ ಬಂದರೆ ಒಂದಾದ ಮೇಲೊಂದು ಗಾಜಿನ ಕಟ್ಟಡ. ವಿಶ್ವಬ್ಯಾಂಕಿನ ಕಚೇರಿಯೂ ಇಲ್ಲೇ ಇದೆ. ಇವುಗಳ ನಡುವೆ ಕಿಲಿಮಂಜಾರೋ ಅವೆನ್ಯೂದಲ್ಲಿ ಗಲ್ಫ್ ಆಫ್ರಿಕನ್ ಬ್ಯಾಂಕಿನ ಮುಖ್ಯ ಕಚೇರಿ. 2008ರಲ್ಲಿ ವ್ಯವಹಾರ ಶುರುಮಾಡಿದ ಈ ಬ್ಯಾಂಕು ಬಡ್ಡಿ ಕೊಡುವುದೂ ಇಲ್ಲ, ಕೇಳುವುದೂ ಇಲ್ಲ. ನಾನು ಇದೇ ಗುಡ್ಡದ ಮೇಲೆ ಲೆಕ್ಕಪತ್ರ ತಪಾಸಣೆ ಮಾಡಿ ಹೊಟ್ಟೆ ಹೊರೆಯುವವನು. "ಬಡ್ಡಿ ಇಲ್ಲದೆ ಬ್ಯಾಂಕು ಬದುಕುವುದು ಹೇಗೆ ಮಾರಾಯ?" ಎಂದು ಪುತ್ತೂರಿನ ಗೆಳೆಯರು ಫೋನಿನಲ್ಲಿ ಕೇಳುತ್ತಾರೆ. ಅವರಿಗೆ ನಾನು ಹೇಳುವುದು ಉತ್ತರ ಪ್ರದೇಶದ ಒಬ್ಬ ಮೇಷ್ಟ್ರ ಹೆಸರು: ಮುಹಮ್ಮದ್ ನಜಾತುಲ್ಲಾ ಸಿದ್ದೀಕಿ.

ನನ್ನ ತಂದೆ ಅಡಿಕೆ ವ್ಯಾಪಾರಿ. ಪಾಸ್‌ಬುಕ್ಕಿನಲ್ಲಿ ಬಡ್ಡಿ ಜಮಾ ಆದ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಅಷ್ಟು ಹಣವನ್ನು ಯಾರದೋ ಆಸ್ಪತ್ರೆ ಖರ್ಚಿಗೋ ಶೌಚಾಲಯದ ರಿಪೇರಿಗೋ ಕೊಟ್ಟುಬಿಡುತ್ತಿದ್ದರು. ಬಡ್ಡಿ ಇಸ್ಲಾಮಿನಲ್ಲಿ ನಿಷಿದ್ಧವಾದ್ದರಿಂದ ಕರಾವಳಿಯ ಎಷ್ಟೋ ಮುಸ್ಲಿಂ ಮನೆಗಳಲ್ಲಿ ಇದು ವಾಡಿಕೆ. ಬಡ್ಡಿ ಬೇಡ ಸರಿ, ಅದರ ಜಾಗದಲ್ಲಿ ಇನ್ನೇನು ಅಂದರೆ ಅವರು ಸುಮ್ಮನಾಗುತ್ತಿದ್ದರು. ಸಿದ್ದೀಕಿ ಆಯುಸ್ಸು ಸವೆಸಿದ್ದು ಆ ಪ್ರಶ್ನೆಗೇ.

1931ರಲ್ಲಿ ಗೋರಖ್‌ಪುರದಲ್ಲಿ ಹುಟ್ಟಿದ ಅವರು, ಹರೆಯದಲ್ಲಿ ಆಧುನಿಕ ಶಿಕ್ಷಣವನ್ನು ಬದಿಗಿಟ್ಟು ಅರಬ್ಬಿ ಮತ್ತು ಧರ್ಮಶಾಸ್ತ್ರ ಕಲಿಯಲು ರಾಮ್‌ಪುರಕ್ಕೂ ಆಜಮ್‌ಗಢದ ಸರಾಯ್‌ಮೀರ್ ಮದರಸಾಕ್ಕೂ ಹೋದರು. ಆಮೇಲೆ ಅಲೀಗಢಕ್ಕೆ ಬಂದು ಅರ್ಥಶಾಸ್ತ್ರ ಓದಿ, ಅಲ್ಲೇ ಅದನ್ನು ಕಲಿಸಿದರು. ಖಲೀಫ ಹಾರೂನ್ ರಶೀದನ ಮುಖ್ಯ ನ್ಯಾಯಾಧೀಶ ಅಬೂ ಯೂಸುಫ್ ಕಂದಾಯದ ಬಗ್ಗೆ ಬರೆದ ಅರಬ್ಬಿ ಗ್ರಂಥವನ್ನು ಉರ್ದುವಿಗೆ ತಂದದ್ದೂ ಇವರೇ. ಎಂಟನೇ ಶತಮಾನದ ಆ ಗ್ರಂಥವನ್ನೂ ಇಪ್ಪತ್ತನೇ ಶತಮಾನದ ಅರ್ಥಶಾಸ್ತ್ರವನ್ನೂ ಮೂಲದಲ್ಲೇ ಓದಬಲ್ಲವರು ಆಗ ಎಷ್ಟು ಜನ ಇದ್ದರು? ಅವರ ಬರಹಕ್ಕೆ ತೂಕ ಬಂದದ್ದು ಅಲ್ಲಿಂದ ಎಂದು ನನ್ನ ಎಣಿಕೆ.

ಬಡ್ಡಿರಹಿತ ಬ್ಯಾಂಕಿನ ಕುರಿತ ಅವರ ಪುಸ್ತಕ ಮೊದಲು ಬಂದದ್ದು ಉರ್ದುವಿನಲ್ಲಿ. 1973ರಲ್ಲಿ ಇಂಗ್ಲಿಷಿಗೂ ಬಂತು. ಬಡ್ಡಿರಹಿತ ದುಬೈ ಇಸ್ಲಾಮಿಕ್ ಬ್ಯಾಂಕ್ ಹುಟ್ಟಿದ್ದು ಅದಾದ ಮೇಲೆ, 1975ರಲ್ಲಿ. ನಮ್ಮ ಕಡೆಯ ಬೇಸಾಯ ಬಲ್ಲವರಿಗೆ ಸಿದ್ದೀಕಿಯವರ ವಾದ ತಕ್ಷಣ ತಲೆಗೆ ಹತ್ತುತ್ತದೆ. ಗೇಣಿ ಅಂದರೆ ಮಳೆ ಬರಲಿ ಬಿಡಲಿ, ಒಡೆಯನಿಗೆ ಇಂತಿಷ್ಟು ಮುಡಿ ಅಕ್ಕಿ ಅಳೆಯಲೇಬೇಕು. ಪಾಲಿಗೆ ಮಾಡಿದರೆ ಬೆಳೆದದ್ದರಲ್ಲಿ ಹಂಚಿಕೆ. ಬ್ಯಾಂಕು ಪಾಲಿಗೆ ಮಾಡಲಿ ಎಂದರು ಸಿದ್ದೀಕಿ. ಠೇವಣಿದಾರ ಬ್ಯಾಂಕಿಗೆ ಬಂಡವಾಳ ಕೊಡುತ್ತಾನೆ, ಬ್ಯಾಂಕು ಅದನ್ನು ಉದ್ಯಮಿಗೆ ಕೊಡುತ್ತದೆ. ಲಾಭ ಬಂದರೆ ಮೊದಲೇ ಒಪ್ಪಿದ ಅನುಪಾತದಲ್ಲಿ ಮೂವರಿಗೂ ಪಾಲು. ನಷ್ಟವಾದರೆ ಅದು ಬಂಡವಾಳ ಹಾಕಿದವನದು, ದುಡಿದವನ ದುಡಿಮೆ ವ್ಯರ್ಥ. ಇದಕ್ಕೆ ಮುದಾರಬಾ ಎನ್ನುತ್ತಾರೆ.

ಮುಂದೆ ಅವರು ಜೆದ್ದಾದ ಕಿಂಗ್ ಅಬ್ದುಲ್ ಅಜೀಜ್ ವಿಶ್ವವಿದ್ಯಾಲಯ ಸೇರಿದರು. 1982ರಲ್ಲಿ ಕಿಂಗ್ ಫೈಸಲ್ ಪ್ರಶಸ್ತಿ ಬಂತು. ಬ್ಯಾಂಕುಗಳೂ ಹೆಚ್ಚಿದವು. ಆದರೆ ಅವು ಹಿಡಿದ ದಾರಿ ಬೇರೆ. ನೈರೋಬಿಯ ಒಬ್ಬನಿಗೆ ಮಟಾಟು, ಅಂದರೆ ಜನರನ್ನು ಸಾಗಿಸುವ ಬಾಡಿಗೆ ವ್ಯಾನ್, ಬೇಕು ಅನ್ನಿ. ಬ್ಯಾಂಕು ಅದನ್ನು 20 ಲಕ್ಷ ಶಿಲಿಂಗ್‌ಗೆ ಕೊಂಡು, ಅವನಿಗೆ 25 ಲಕ್ಷಕ್ಕೆ ಕಂತಿನ ಮೇಲೆ ಮಾರುತ್ತದೆ. ಇದು ಮುರಾಬಹಾ. ಧರ್ಮಶಾಸ್ತ್ರದ ಪ್ರಕಾರ ಇದು ವ್ಯಾಪಾರ, ಬಡ್ಡಿಯಲ್ಲ. ವ್ಯಾನು ಕೈಬದಲಾಗುವ ತನಕ ಅದರ ಹೊಣೆಯೂ ಬ್ಯಾಂಕಿನದೇ. ನಿಜ. ಆದರೂ ಕಂತು ಕಟ್ಟುವವನ ಪಾಲಿಗೆ ಅದು ಸಾಲವೇ, ಮಟಾಟು ಓಡಲಿ ಬಿಡಲಿ.

ಸಾಮಾನು ಸಾಲಕ್ಕೆ ಕೊಂಡು, ಕೂಡಲೇ ಕಡಿಮೆ ಬೆಲೆಗೆ ಮಾರಿ ನಗದು ಪಡೆಯುವ ತವರ್ರುಕ್ ಪದ್ಧತಿ ಹಬ್ಬಿದಾಗ ಸಿದ್ದೀಕಿ ಸುಮ್ಮನಿರಲಿಲ್ಲ. ಅದು ಸಾಲವನ್ನೇ ಬೆಳೆಸುತ್ತದೆ, ಅದರಿಂದ ಆಗುವ ಹಾನಿ ಲಾಭಕ್ಕಿಂತ ದೊಡ್ಡದು ಎಂದು 2007ರಲ್ಲಿ ಪ್ರಬಂಧವನ್ನೇ ಮಂಡಿಸಿದರು. ತಾವು ನೆಟ್ಟ ಗಿಡಕ್ಕೆ ತಾವೇ ಕತ್ತರಿ ಹಿಡಿಯುವ ಧೈರ್ಯ ಎಲ್ಲ ವಿದ್ವಾಂಸರಿಗೂ ಇರುವುದಿಲ್ಲ; ನನಗೆ ಅವರು ದೊಡ್ಡವರಾಗಿ ಕಾಣುವುದು ಪ್ರಶಸ್ತಿಗಿಂತ ಇದರಿಂದ. 2022ರ ನವೆಂಬರಿನಲ್ಲಿ ಅವರು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು.

ಹುಟ್ಟಿದ ದೇಶದಲ್ಲಿ ಅವರ ಕಲ್ಪನೆಯ ಬ್ಯಾಂಕು ಬರಲಿಲ್ಲ. ಬ್ಯಾಂಕುಗಳು ಸರಕಿನ ವ್ಯಾಪಾರ ಮಾಡಬಾರದು ಎಂದು 1949ರ ನಮ್ಮ ಬ್ಯಾಂಕಿಂಗ್ ಕಾಯ್ದೆ ಹೇಳುತ್ತದೆ. 2008ರಲ್ಲಿ ರಘುರಾಮ್ ರಾಜನ್ ಸಮಿತಿ ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ಇರಲಿ ಎಂದಿತು. 2017ರಲ್ಲಿ ರಿಸರ್ವ್ ಬ್ಯಾಂಕು ಆ ಪ್ರಸ್ತಾಪ ಕೈಬಿಟ್ಟಿದ್ದಾಗಿ ತಿಳಿಸಿತು. ಖಾಲಿ ಬಿದ್ದ ಜಾಗಕ್ಕೆ ಬೇರೆಯವರು ನುಗ್ಗಿದರು. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಎಂಬ ಹೂಡಿಕೆ ಕಂಪನಿ ಕುಸಿದಾಗ, ಹಲಾಲ್ ಲಾಭವೆಂದು ನಂಬಿ ಹಣ ಹೂಡಿದ ಸಾವಿರಾರು ಜನ ಶಿವಾಜಿನಗರದಲ್ಲಿ ದೂರು ಹಿಡಿದು ಸಾಲು ನಿಂತರು.

ಆದ್ದರಿಂದ ಊರಿನವರಿಗೆ ನನ್ನದೊಂದು ಮಾತು. ಬಡ್ಡಿಯಿಲ್ಲದ ಲಾಭ ಎಂದು ಯಾರಾದರೂ ಬಂದರೆ ಅವರ ಗಡ್ಡ, ಟೋಪಿ ನೋಡಬೇಡಿ. ಹಣ ಎಲ್ಲಿ ಹೂಡುತ್ತೀರಿ, ನಷ್ಟವಾದ ವರ್ಷ ಏನು ಮಾಡುತ್ತೀರಿ, ಲೆಕ್ಕ ತಪಾಸಣೆ ಮಾಡುವವರು ಯಾರು ಎಂದು ಕೇಳಿ. ಉತ್ತರ ಬರೆದು ಸಹಿ ಹಾಕಿ ಕೊಡುವ ತನಕ ಒಂದು ರೂಪಾಯಿಯನ್ನೂ ಕೊಡಬೇಡಿ.