ಕ್ರಿಸ್‌ಮಸ್ ಸೀಸನ್ನಿಗೆ ಗೆಲ್ಲುವ ಗೇಮ್ ಕನ್ಸೋಲ್ ಯಾವುದು?

ಪ್ರಶ್ನೆ: ಅಮೆರಿಕದಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಯಾವ ಹೊಸ ಗೇಮ್ ಕನ್ಸೋಲ್ ಗೆಲ್ಲುತ್ತದೆಂದು ಮೊದಲೇ ಹೇಳಬಹುದೇ?

ಉತ್ತರ: ಯಂತ್ರದ ಶಕ್ತಿಯೊಂದನ್ನೇ ನೋಡಿದರೆ ಲೆಕ್ಕ ತಪ್ಪುತ್ತದೆ. 2006ರ ನವೆಂಬರ್‌ನಲ್ಲಿ ಸೋನಿಯ ಪ್ಲೇಸ್ಟೇಷನ್ 3 ಬಂತು. ಬೆಲೆ 499 ಡಾಲರ್‌ನಿಂದ ಶುರು. ಡಿಸ್ಕ್ ಓದುವ ನೀಲಿ ಲೇಸರ್ ಡಯೋಡ್‌ಗಳ ಕೊರತೆಯಿಂದ ದಾಸ್ತಾನೂ ಕಡಿಮೆ. ಎರಡೇ ದಿನಕ್ಕೆ ನಿಂಟೆಂಡೊದ ವೀ ಸುಮಾರು 250 ಡಾಲರ್‌ಗೆ ಬಂತು. ಶಕ್ತಿಯಲ್ಲಿ ಹಿಂದೆ, ಆದರೆ ಡಬ್ಬಿಯೊಳಗೇ ‘ವೀ ಸ್ಪೋರ್ಟ್ಸ್’ ಆಟವಿತ್ತು. ರಿಮೋಟನ್ನು ಗಾಳಿಯಲ್ಲಿ ಬೀಸಿದರೆ ಟಿವಿಯಲ್ಲಿ ಟೆನಿಸ್! ಗುಂಡಿಗಳ ಗೊಡವೆ ಕಡಿಮೆ, ಅಜ್ಜ-ಅಜ್ಜಿಯರೂ ಆಡಿದರು. ಜಗತ್ತಿನಾದ್ಯಂತ ಒಟ್ಟು 10 ಕೋಟಿಗೂ ಹೆಚ್ಚು ವೀ ಖರ್ಚಾದವು. ಅದೇ ಕಂಪನಿಯ 2012ರ ವೀ ಯು ಮಾತ್ರ 1.4 ಕೋಟಿಯನ್ನೂ ಮುಟ್ಟಲಿಲ್ಲ. ಅದು ಹೊಸ ಯಂತ್ರವೆಂದೇ ಹಲವರಿಗೆ ತಿಳಿದಿರಲಿಲ್ಲ. ಆದ್ದರಿಂದ ಊಹಿಸುವ ಮುನ್ನ ಬೆಲೆ, ಜೊತೆಗೆ ಬರುವ ಆಟ, ಅಂಗಡಿಯಲ್ಲಿನ ದಾಸ್ತಾನು ಈ ಮೂರನ್ನೂ ನೋಡಿ.