ಒಂದೇ ಮೊದಲಿನ ಪದಗಳು: ಗಡಿನಾಡ ಮಕ್ಕಳಿಗೆ ಇಂಗ್ಲಿಷ್ ಕಲಿಕೆಯ ಹಾದಿ

ಅನಂತಪುರ ಜಿಲ್ಲೆಯ ಡಿ. ಹಿರೇಹಾಳ್ ರಾಯದುರ್ಗಕ್ಕೂ ಬಳ್ಳಾರಿಗೂ ನಡುವೆ ಇರುವ ಗಡಿಯೂರು. ಆ ಹೆಸರಿನ ಮೊದಲಿಗಿರುವ ‘ಹಿರೇ’ ಎಂದರೆ ದೊಡ್ಡದು ಎಂಬುದನ್ನು ಅಲ್ಲಿನ ಕನ್ನಡದ ಮಗುವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾವೇರಿ ಜಿಲ್ಲೆಯ ಹಿರೇಕೆರೂರನ್ನಾಗಲಿ, ಚಿಕ್ಕಮಗಳೂರಿನ ಪಕ್ಕದ ಹಿರೇಮಗಳೂರನ್ನಾಗಲಿ ಆ ಮಗು ಕಂಡಿರಲಿಕ್ಕಿಲ್ಲ. ಆದರೂ ಹೆಸರು ಕಿವಿಗೆ ಬಿದ್ದೊಡನೆ ಅರ್ಧ ಅರ್ಥ ಹೊಳೆಯುತ್ತದೆ. ಪದದ ಮೊದಲನ್ನು ಗುರುತಿಸಿ ಉಳಿದುದನ್ನು ಊಹಿಸುವ ಈ ಜಾಣ್ಮೆ ತಾಯ್ನುಡಿಯ ಕೊಡುಗೆ. ಅದೇ ಮಗು ಇಂಗ್ಲಿಷ್ ಪುಸ್ತಕವನ್ನು ತೆರೆದಾಗ ಮಾತ್ರ ಈ ಜಾಣ್ಮೆಯನ್ನು ಬದಿಗಿಟ್ಟು, ಪ್ರತಿಯೊಂದು ಪದವನ್ನೂ ಬಿಡಿಯಾಗಿ ಉರುಹೊಡೆಯತೊಡಗುತ್ತದೆ.

ಗಡಿನಾಡಿನ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳು ಆ ರಾಜ್ಯಕ್ಕೆ ಸೇರಿದವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ಆದರೆ ಕನ್ನಡ ಶಾಲೆಯ ಬಾಗಿಲಲ್ಲಿ ನಿಂತ ತಂದೆತಾಯಿಯರನ್ನು ಹಿಂದೆ ಸರಿಯುವಂತೆ ಮಾಡುವುದು ಕಾನೂನಿನ ಕೊರತೆಗಿಂತ ಹೆಚ್ಚಾಗಿ ಒಂದು ಅಂಜಿಕೆ: ಕನ್ನಡದಲ್ಲಿ ಓದಿದರೆ ಇಂಗ್ಲಿಷ್ ಬಾರದೇನೋ ಎಂಬುದು. 2019ರಲ್ಲಿ ಆಂಧ್ರಪ್ರದೇಶ ಸರ್ಕಾರವು ಸರ್ಕಾರಿ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮವನ್ನು ತರುವ ಆದೇಶ ಹೊರಡಿಸಿತು. 2020ರ ಏಪ್ರಿಲ್‌ನಲ್ಲಿ ಹೈಕೋರ್ಟು ಆ ಆದೇಶವನ್ನು ರದ್ದುಪಡಿಸಿತು. ಆದೇಶ ರದ್ದಾದರೂ ಮನೆಮನೆಯ ಅಂಜಿಕೆ ರದ್ದಾಗಲಿಲ್ಲ. ಕನ್ನಡವನ್ನು ಬಿಟ್ಟರೆ ಇಂಗ್ಲಿಷ್ ಬರುತ್ತದೆಯೋ, ಕನ್ನಡವನ್ನು ಚೆನ್ನಾಗಿ ಬಲ್ಲವರಿಗೆ ಬೇಗ ಬರುತ್ತದೆಯೋ ಎಂಬ ಪ್ರಶ್ನೆಗೆ ಒಂದೇ ಮೊದಲಿನ ಪದಗಳು ಒಳ್ಳೆಯ ಉತ್ತರ ಕೊಡುತ್ತವೆ.

ದೂರ ಮತ್ತು ಟೆಲಿ

ದೂರವಾಣಿ, ದೂರದರ್ಶನ, ದೂರದರ್ಶಕ. ಈ ಮೂರು ಪದಗಳನ್ನು ಬಲ್ಲ ವಿದ್ಯಾರ್ಥಿಗೆ ಟೆಲಿಫೋನ್, ಟೆಲಿವಿಷನ್, ಟೆಲಿಸ್ಕೋಪ್ ಹೊಸವಲ್ಲ. ಗ್ರೀಕಿನ ‘ಟೆಲಿ’ ಎಂದರೆ ದೂರ. ‘ಫೋನ್’ ಎಂದರೆ ಧ್ವನಿ. ‘ಸ್ಕೋಪ್’ ನೋಡುವುದಕ್ಕೆ ಸಂಬಂಧಿಸಿದ್ದು. ‘ಬಯೋ’ ಎಂದರೆ ಜೀವ ಎಂದು ತಿಳಿದರೆ ಜೀವಶಾಸ್ತ್ರದ ಬಯಾಲಜಿ, ಜೀವನಚರಿತ್ರೆಯ ಬಯಾಗ್ರಫಿ, ಹಟ್ಟಿಯ ಸಗಣಿಯಿಂದಾಗುವ ಬಯೋಗ್ಯಾಸ್ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಾಗುತ್ತವೆ.

ಶಾಲೆಯ ಹೊರಗೂ ಇಂಥ ಪದಗಳಿಗೆ ಬರವಿಲ್ಲ. ಓಬಳಾಪುರದ ಗಣಿಸೀಮೆಯಲ್ಲಿ ಓಡಾಡುವ ಲಾರಿಗಳ ಮೇಲೆ ಟ್ರಾನ್ಸ್‌ಪೋರ್ಟ್ ಎಂಬ ಪದವಿದೆ. ಹೊಲದ ಬದುವಿನಲ್ಲಿ ಟ್ರಾನ್ಸ್‌ಫಾರ್ಮರ್ ಇದೆ. ಮೇಷ್ಟರಿಗೆ ಟ್ರಾನ್ಸ್‌ಫರ್ ಆಗುತ್ತದೆ. ಲ್ಯಾಟಿನ್ನಿನ ‘ಟ್ರಾನ್ಸ್’ ಎಂದರೆ ಆಚೆಗೆ, ಒಂದೆಡೆಯಿಂದ ಇನ್ನೊಂದೆಡೆಗೆ. ಸರಕನ್ನು ಆಚೆಗೆ ಹೊತ್ತೊಯ್ದರೆ ಟ್ರಾನ್ಸ್‌ಪೋರ್ಟ್, ಒಂದು ರೂಪವನ್ನು ಇನ್ನೊಂದು ರೂಪಕ್ಕೆ ಒಯ್ದರೆ ಟ್ರಾನ್ಸ್‌ಫಾರ್ಮ್, ಒಂದು ಭಾಷೆಯ ಮಾತನ್ನು ಇನ್ನೊಂದಕ್ಕೆ ಒಯ್ದರೆ ಟ್ರಾನ್ಸ್‌ಲೇಟ್. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಆಡುವ ಮಗು ಈ ಕೊನೆಯ ಕೆಲಸವನ್ನು ದಿನವೂ ಮಾಡುತ್ತಲೇ ಇರುತ್ತದೆ. ಪೊಲೀಸ್ ಠಾಣೆಯ ಸಬ್ ಇನ್‌ಸ್ಪೆಕ್ಟರ್, ನೋಂದಣಿ ಕಚೇರಿಯ ಸಬ್ ರಿಜಿಸ್ಟ್ರಾರ್, ವಿದ್ಯುತ್ತಿನ ಸಬ್‌ಸ್ಟೇಷನ್ ಎಂಬ ಪದಗಳಲ್ಲಿರುವ ‘ಸಬ್’ ಕನ್ನಡದ ‘ಉಪ’ಕ್ಕೆ ಸಮಾನ.

ಸಂಧಿ ಬಲ್ಲವರಿಗೆ ಸುಲಭ

ಹಾರ ಎಂಬುದರ ಹಿಂದೆ ಪ್ರ, ಸಂ, ವಿ, ಪರಿ ಎಂಬ ಉಪಸರ್ಗಗಳು ಸೇರಿ ಪ್ರಹಾರ, ಸಂಹಾರ, ವಿಹಾರ, ಪರಿಹಾರಗಳಾಗುವುದನ್ನು ಕನ್ನಡ ವ್ಯಾಕರಣದ ಪಾಠದಲ್ಲಿ ಕಲಿಸುತ್ತಾರೆ. ಸತ್ ಎಂಬುದಕ್ಕೆ ಜನ ಸೇರಿ ಸಜ್ಜನ, ಉತ್ ಎಂಬುದಕ್ಕೆ ಲೇಖ ಸೇರಿ ಉಲ್ಲೇಖ ಆಗುವುದನ್ನೂ ಕಲಿಸುತ್ತಾರೆ. ಇಂಗ್ಲಿಷಿನಲ್ಲಿಯೂ ಇಂಥದೇ ಮಾರ್ಪಾಡು ಇದೆ. ಅಲ್ಲ ಎಂಬರ್ಥದ ‘ಇನ್’ ಲೀಗಲ್ ಪದದ ಮುಂದೆ ಬಂದಾಗ ಇಲ್ಲೀಗಲ್, ರೆಗ್ಯುಲರ್ ಮುಂದೆ ಇರ್ರೆಗ್ಯುಲರ್, ಪಾಸಿಬಲ್ ಮುಂದೆ ಇಂಪಾಸಿಬಲ್. ಎಲ್ ಅಕ್ಷರವನ್ನೋ ಆರ್ ಅಕ್ಷರವನ್ನೋ ಎರಡು ಸಲ ಏಕೆ ಬರೆಯಬೇಕೆಂಬುದು ಉಲ್ಲೇಖದ ಒತ್ತಕ್ಷರವನ್ನು ಬಲ್ಲವರಿಗೆ ಒಗಟಲ್ಲ. ಅಸಾಧ್ಯ, ಅನರ್ಹ ಎಂಬಲ್ಲಿರುವ ಸಂಸ್ಕೃತದ ಅ, ಅನ್‌ಗಳೂ ಲ್ಯಾಟಿನ್ನಿನ ಇನ್ ಮತ್ತು ಇಂಗ್ಲಿಷಿನ ಅನ್ ಕೂಡ ಒಂದೇ ಪ್ರಾಚೀನ ಮೂಲದಿಂದ ಬಂದವು. ಕನ್ನಡವು ದ್ರಾವಿಡ ಭಾಷೆಯಾದರೂ ಸಂಸ್ಕೃತದಿಂದ ಪಡೆದ ಪದಗಳ ಮೂಲಕ ಆ ನಂಟು ಮಕ್ಕಳ ಕೈಗೆ ಸಿಕ್ಕಿದೆ.

ನೆರೆಯವರೆಲ್ಲ ನೆಂಟರಲ್ಲ

ಈ ಹಾದಿಯಲ್ಲಿ ಎಡವುವ ಕಲ್ಲುಗಳೂ ಇವೆ. ಮೊದಲಕ್ಷರಗಳು ಒಂದೇ ಆದ ಮಾತ್ರಕ್ಕೆ ಪದಗಳೆಲ್ಲ ಒಂದೇ ಕುಲದವಾಗುವುದಿಲ್ಲ. ಅನ್‌ಹ್ಯಾಪಿ ಪದದ ಯು-ಎನ್ ನಿಷೇಧವನ್ನು ಹೇಳುತ್ತದೆ. ಅಂಕಲ್ ಪದದಲ್ಲಿ ಅವೇ ಅಕ್ಷರಗಳಿದ್ದರೂ ನಿಷೇಧವಿಲ್ಲ. ಯೂನಿಫಾರ್ಮ್, ಯೂನಿಯನ್ ಪದಗಳಲ್ಲಿ ಇರುವುದು ಒಂದು ಎಂಬರ್ಥದ ‘ಯೂನಿ’. ಕನ್ನಡದಲ್ಲಿಯೂ ಹೀಗೆಯೇ: ಅನುಮಾನ ಎಂಬುದು ಅನು ಮತ್ತು ಮಾನ ಸೇರಿ ಆದದ್ದು; ಅನುಚಿತ ಎಂಬುದು ಅನ್ ಮತ್ತು ಉಚಿತ ಸೇರಿ ಆದದ್ದು. ಬಿಡಿಸಿ ನೋಡದೆ ನಂಬುವಂತಿಲ್ಲ.

ಕೆಲವೊಮ್ಮೆ ಈ ತಪ್ಪು ಅಪಾಯಕ್ಕೂ ಎಡೆಮಾಡೀತು. ಪೆಟ್ರೋಲ್ ಟ್ಯಾಂಕರುಗಳ ಬೆನ್ನ ಮೇಲೆ ‘ಹೈಲಿ ಇನ್‌ಫ್ಲೇಮಬಲ್’ ಎಂದು ಬರೆದಿರುತ್ತದೆ. ‘ಇನ್’ ಎಂದರೆ ಅಲ್ಲ ಎಂದಷ್ಟೇ ಕಲಿತವನು ಅದನ್ನು ಬೆಂಕಿ ಹತ್ತದ ವಸ್ತು ಎಂದು ತಿಳಿದಾನು. ಅರ್ಥ ಅದಕ್ಕೆ ತದ್ವಿರುದ್ಧ: ಬಹುಬೇಗ ಹೊತ್ತಿಕೊಳ್ಳುವಂಥದು. ಅಲ್ಲಿನ ‘ಇನ್’ ಒಳಗೆ ಎಂಬರ್ಥದ ಬೇರೊಂದು ‘ಇನ್’.

ನೋಡಲು ಒಂದೇ ಬಗೆಯಾಗಿರುವ ಅಡಾಪ್ಟ್, ಅಡಾಪ್ಟ್‌ಗಳ ಕಥೆ ಇನ್ನೊಂದು ಬಗೆಯದು. ಕನ್ನಡ ಲಿಪಿಯಲ್ಲಿ ಬರೆದರೆ ಎರಡೂ ಒಂದೇ. ಇಂಗ್ಲಿಷಿನಲ್ಲಿ ಎ ಅಕ್ಷರ ಬಂದರೆ ಹೊಂದಿಕೊಳ್ಳುವುದು, ಓ ಅಕ್ಷರ ಬಂದರೆ ದತ್ತು ಪಡೆಯುವುದು. ಇಂಥ ಜೋಡಿಗಳನ್ನು ಒಂದೇ ದಿನ ಕಲಿಸಿದರೆ ಎರಡೂ ಕಲಸಿಹೋಗುತ್ತವೆ. ಮೊದಲನೆಯದು ಬರವಣಿಗೆಯಲ್ಲಿ ನೆಲೆನಿಂತ ಮೇಲೆ ಎರಡನೆಯದನ್ನು ಕಲಿಸುವುದು ಲೇಸು.

ನಿಘಂಟು ಮತ್ತು ನೋಟ್‌ಪುಸ್ತಕ

ಒಂದೇ ಮೊದಲಿನ ಪದಗಳು ತಾವಾಗಿಯೇ ಸಾಲುಗಟ್ಟಿ ನಿಂತಿರುವ ಪುಸ್ತಕವೆಂದರೆ ನಿಘಂಟು. ಈ ವಿಷಯದಲ್ಲಿ ಡಿ. ಹಿರೇಹಾಳ್ ಸೀಮೆಗೆ ಹಳೆಯ ಹಕ್ಕುಂಟು. ಲಂಡನ್ ಮಿಷನರಿ ಸೊಸೈಟಿಯ ವಿಲಿಯಂ ರೀವ್ ನೆಲೆಸಿದ್ದುದು ಬಳ್ಳಾರಿಯಲ್ಲಿ. ಆಗ ಈ ಸೀಮೆಯೆಲ್ಲ ಬಳ್ಳಾರಿ ಜಿಲ್ಲೆಯದೇ ಭಾಗ. ಅವರ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ, ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಮದರಾಸಿನಲ್ಲಿ ಅಚ್ಚಾದವು. ಕಿಟೆಲ್ ಅವರ ಪ್ರಸಿದ್ಧ ನಿಘಂಟು ಮಂಗಳೂರಿನಲ್ಲಿ ಹೊರಬಂದದ್ದು 1894ರಲ್ಲಿ. ಹೀಗೆ ಇಂಗ್ಲಿಷಿಗೂ ಕನ್ನಡಕ್ಕೂ ಪದಗಳ ಸೇತುವೆ ಕಟ್ಟುವ ಕೆಲಸ ಕಿಟೆಲ್ಲರಿಗಿಂತ ಎಷ್ಟೋ ಮೊದಲೇ ಈ ಬಯಲುಸೀಮೆಯಲ್ಲಿ ನಡೆದಿತ್ತು.

ತರಗತಿಯಲ್ಲಿ ಈ ಕ್ರಮವನ್ನು ಅನುಸರಿಸಲು ಹೆಚ್ಚಿನ ಖರ್ಚಿಲ್ಲ. ತರಗತಿಗೊಂದು ಇಂಗ್ಲಿಷ್-ಕನ್ನಡ ನಿಘಂಟು, ಮಗುವಿಗೊಂದು ನೋಟ್‌ಪುಸ್ತಕ ಸಾಕು. ಒಂದೊಂದು ಪುಟಕ್ಕೆ ಒಂದೊಂದು ಮೊದಲು: ಟೆಲಿ, ಟ್ರಾನ್ಸ್, ಸಬ್, ಬಯೋ, ಇಂಟರ್. ಪುಟದಲ್ಲಿ ನಾಲ್ಕು ಅಂಕಣ: ಇಂಗ್ಲಿಷ್ ಪದ, ಕನ್ನಡದ ಅರ್ಥ, ತೆಲುಗಿನ ಅರ್ಥ, ಮಗುವೇ ಕಟ್ಟಿದ ಒಂದು ವಾಕ್ಯ. ವಾರಕ್ಕೆ ಐದು ಪದಗಳಿಗಿಂತ ಹೆಚ್ಚು ಬೇಡ. ಪದಗಳನ್ನು ಮೊದಲು ಊರಿನ ಫಲಕಗಳಿಂದ, ಲಾರಿಗಳಿಂದ, ಔಷಧಿಯ ಡಬ್ಬಿಗಳಿಂದ ಹುಡುಕಿ ತಂದು, ಆಮೇಲೆ ನಿಘಂಟಿನಲ್ಲಿ ನೋಡುವುದು ಒಳಿತು. ಕುಲಕ್ಕೆ ಸೇರದೆ ಹೆಸರಿಗಷ್ಟೇ ನೆರೆಯಲ್ಲಿ ನಿಂತ ಪದಗಳಿಗೆ ಪುಟದ ಕೆಳಗೆ ಬೇರೆ ಜಾಗ.

ಕಲಿತದ್ದನ್ನು ಮರೆಯುವುದು ಸಹಜ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ನಡೆಸಿ, ಕಲಿತದ್ದರಲ್ಲಿ ಹೆಚ್ಚಿನ ಪಾಲು ಮೊದಮೊದಲಲ್ಲೇ ಮರೆತುಹೋಗುತ್ತದೆಂದು 1885ರಲ್ಲಿ ಪ್ರಕಟಿಸಿದ. ಆದ್ದರಿಂದ ಪುಟವನ್ನು ಮರುದಿನ, ಮುಂದಿನ ವಾರ, ಮುಂದಿನ ತಿಂಗಳು ಮತ್ತೆ ತೆರೆಯಬೇಕು. ಎಡಗಡೆಯ ಅಂಕಣವನ್ನು ಅಂಗೈಯಿಂದ ಮುಚ್ಚಿ, ಕನ್ನಡದ ಅರ್ಥವನ್ನು ನೋಡಿ ಇಂಗ್ಲಿಷ್ ಪದವನ್ನು ಹೇಳಬೇಕು.

ಆ ಪುಟದ ನಡುವೆ ಕನ್ನಡವಿದೆ ಎಂಬುದೇ ತಂದೆತಾಯಿಯರು ಗಮನಿಸಬೇಕಾದ ಸಂಗತಿ. ಆ ಅಂಕಣ ಖಾಲಿಯಾದರೆ ಉಳಿಯುವುದು ಮತ್ತೆ ಬಿಡಿ ಪದಗಳ ಉರು. ಹಿರೇಹಾಳಿನ ‘ಹಿರೇ’ ಎಂದರೇನೆಂದು ಬಲ್ಲ ಮಗುವಿಗೆ ಟ್ರಾನ್ಸ್ ಎಂದರೇನೆಂದು ತಿಳಿಸಲು ಒಂದು ಪಿರಿಯಡ್ ಸಾಕು.